ಲೋಹಗಳ ಉಷ್ಣಋಣ

ಸಹಸ್ರಾರು ವರ್ಷಗಳಿಂದ ಮಾನವನು ಇದ್ದಿಲಿನ ಕುಲುಮೆಯಲ್ಲಿ ಅದಿರಿನಿಂದ ಕಬ್ಬಿಣವನ್ನು ಪಡೆಯುತ್ತ ಬಂದಿರುವನು. ಭೂಮಿಯ ಹೊರಪದರದಲ್ಲಿ ಕಬ್ಬಿಣಕ್ಕಿಂತಲೂ ಹೇರಳವಾದ ಅಲ್ಯೂಮಿನಿಯಮ್ ಮಾತ್ರ 1825ರವರೆಗೆ ಅವನ ಕೈಗೆ ಸಿಕ್ಕಲಿಲ್ಲ. ಕಾರಣವೇನು?

ಲೋಹವು ಆಮ್ಲಜನಕದೊಡನೆ ಕೂಡುವಾಗ ಎಷ್ಟು ಉಷ್ಣವನ್ನು ಹೊರಸೂಸುವುದೋ, ಅದನ್ನು ಬೇರ್ಪಡಿಸುವಾಗ ನಾವು ಅಷ್ಟನ್ನೇ ಮರಳಿ ತೆರಬೇಕು. ಅಷ್ಟೇ ಆಮ್ಲಜನಕಕ್ಕೆ ಅಲ್ಯೂಮಿನಿಯಮ್ಮಿನ ಈ ಋಣವು ಕಬ್ಬಿಣದ್ದರ ಸುಮಾರು ಎರಡು ಪಟ್ಟು. ಸಾಧಾರಣ ಕುಲುಮೆಯ ಇದ್ದಿಲು ಅದನ್ನು ತೀರಿಸಲಾರದು. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬ ತರುಣರು ಬೇರೆಬೇರೆಯಾಗಿ ವಿದ್ಯುತ್ತಿನಿಂದ ಅದನ್ನು ತೀರಿಸಿದರು.

1895ರಲ್ಲಿ ಜರ್ಮನಿಯ ಗೋಲ್ಡ್‌ಷ್ಮಿಟ್ ಆ ಋಣವನ್ನೇ ಬಂಡವಾಳ ಮಾಡಿಕೊಂಡನು. ಅಲ್ಯೂಮಿನಿಯಮ್ ಪುಡಿಯು ಕಬ್ಬಿಣದ ಆಕ್ಸೈಡಿನಿಂದ ಆಮ್ಲಜನಕವನ್ನು ಸೆಳೆದುಕೊಂಡಾಗ, ಮಿಕ್ಕ ಉಷ್ಣದಿಂದ ಕಬ್ಬಿಣವು ಕರಗಿ ಹರಿಯಿತು. 1899ರಲ್ಲಿ ಎಸ್ಸೆನ್ ನಗರದ ಟ್ರಾಮ್ ಹಳಿಗಳನ್ನು ಹೀಗೆ ಬೆಸೆದರು. ಭಾರತದ ರೈಲುಹಳಿಗಳನ್ನು ಇಂದಿಗೂ ಈ ವಿಧಾನದಿಂದ ಬೆಸೆಯುವುದುಂಟು.