ಓಲೆಗರಿ ಹಿಡಿದವರು

ಬೆಳಗಾವಿಯ ಖಡೇಬಜಾರಿನ ಫ್ರೇಮಿನ ಅಂಗಡಿಯೊಂದರಲ್ಲಿ ಅರಬನೊಬ್ಬನ ಚಿತ್ರದ ಅಚ್ಚು ಪ್ರತಿ ಬಹಳ ದಿನ ತೂಗುತ್ತಿತ್ತು. ತಲೆಗೆ ರುಮಾಲು, ಸೊಂಟದಲ್ಲಿ ಬಾಕು, ಎಲ್ಲೋ ದೂರಕ್ಕೆ ನೆಟ್ಟ ಕಣ್ಣು. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಇಂಥ ತೈಲಚಿತ್ರಗಳಿಗೆ ಗಿರಾಕಿಗಳು ಬಹಳ. ಎಷ್ಟೋ ಚಿತ್ರಗಳ ಕೆಳಗೆ ‘ಅರಬ’ ಎಂದಷ್ಟೇ ಇರುತ್ತದೆ, ಕೂತವನ ಹೆಸರಿಲ್ಲ. ಸ್ಟುಡಿಯೊದಲ್ಲಿ ಬಾಡಿಗೆಯವನಿಗೆ ನಿಲುವಂಗಿ ತೊಡಿಸಿ ಬರೆದದ್ದೂ ಉಂಟು.

ಅದನ್ನು ನೋಡಿದಾಗಲೆಲ್ಲ ನನಗೆ ಧರ್ಮಯ್ಯ ನೆನಪಾಗುತ್ತಿದ್ದರು.

1816ರಲ್ಲಿ ಐರಿಷ್ ಚಿತ್ರಕಾರ ಥಾಮಸ್ ಹಿಕಿ ಮದ್ರಾಸಿನಲ್ಲಿ ಕರ್ನಲ್ ಕಾಲಿನ್ ಮೆಕೆಂಜಿಯ ಚಿತ್ರ ಬರೆದ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನೆಲ್ಲ ಅಳೆದು, ಊರೂರಿನ ಕೈಫಿಯತ್ತು, ಶಾಸನ, ಓಲೆಗರಿಗಳನ್ನು ಕಲೆಹಾಕಿದ ಮೆಕೆಂಜಿ ಇವನೇ. ಚಿತ್ರದ ನಡುವೆ ಕೆಂಪು ಕೋಟು ತೊಟ್ಟು ನಿಂತಿದ್ದಾನೆ. ಸುತ್ತ ಮೂವರು: ದುರ್ಬೀನು ಹಿಡಿದ ಕೃಷ್ಣಾಜಿ, ತೆಲುಗು ಪಂಡಿತ ಕಾವಲಿ ವೆಂಕಟ ಲಕ್ಷ್ಮಯ್ಯ, ಕೈಯಲ್ಲಿ ಓಲೆಗರಿ ಹಿಡಿದ ಜೈನ ವಿದ್ವಾಂಸ ಧರ್ಮಯ್ಯ. ಹಿಂದೆ ದೂರದಲ್ಲಿ ಗೊಮ್ಮಟ.

ಇಲ್ಲಿ ಹೆಸರುಗಳು ಉಳಿದವು. ಆದರೆ ಚಿತ್ರದ ಬೆಳಕೆಲ್ಲ ಕೆಂಪು ಕೋಟಿನ ಮೇಲೆ ಎಂದು ನನ್ನ ತಕರಾರು. ಹಳಗನ್ನಡದ ಶಾಸನ ಮೆಕೆಂಜಿಗೆ ಓದಲು ಬರುತ್ತಿರಲಿಲ್ಲ. ಅದನ್ನು ಓದಿ ಹೇಳಿದವರು ಧರ್ಮಯ್ಯ. 1821ರಲ್ಲಿ ಮೆಕೆಂಜಿ ತೀರಿಕೊಂಡ. ಆ ಕೆಲಸವನ್ನು ತಾನು ಮುಂದುವರಿಸುತ್ತೇನೆಂದು 1830ರ ದಶಕದಲ್ಲಿ ಲಕ್ಷ್ಮಯ್ಯ ಕೇಳಿಕೊಂಡಾಗ, ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಜೇಮ್ಸ್ ಪ್ರಿನ್ಸೆಪ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಸಾಮಗ್ರಿ ತಂದುಕೊಡಬಹುದು, ಇತಿಹಾಸ ಬರೆಯುವ ತಲೆ ಬೇರೆಯವರದಿರಬೇಕು ಎಂಬ ಧೋರಣೆ ಅದು. ಅಶೋಕನ ಬ್ರಾಹ್ಮಿಯನ್ನು ಓದಿದ ಪ್ರಿನ್ಸೆಪ್ಪನೇ ಹೀಗೆಂದನಲ್ಲ ಎಂದು ಬೇಸರವಾಗುತ್ತದೆ.

ನಮ್ಮ ಖಾನಾಪುರ ತಾಲೂಕಿನ ಹಲಸಿಯ ಮಾತೂ ಇದೇ ದಾರಿಯದು. ಅಲ್ಲಿ ಸಿಕ್ಕ ಆದಿ ಕದಂಬರ ತಾಮ್ರಪಟಗಳಲ್ಲಿ ಜೈನರಿಗೆ ಕೊಟ್ಟ ದಾನಗಳಿವೆ. ಅವನ್ನು ಲೋಕಕ್ಕೆ ತಿಳಿಸಿದವನು ಜೆ.ಎಫ್. ಫ್ಲೀಟ್; ಆ ಉಪಕಾರ ದೊಡ್ಡದು. ಆದರೂ ಫ್ಲೀಟನ ಪುಟ ತಿರುವುವಾಗ, ಅವನ ಮಗ್ಗುಲಲ್ಲಿ ಓಲೆಗರಿ ಹಿಡಿದು ಕೂತವರು ಯಾರು ಎಂದು ನನ್ನ ಕಣ್ಣು ಹುಡುಕುತ್ತದೆ.

ಬೆಳಗಾವಿ ಕೋಟೆಯ ಕಮಲ ಬಸದಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ್ದು. ಅವನ ಕಾಲದ, 1204ರ ಬೆಳಗಾವಿಯ ಶಾಸನದ ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹಿಕಿಯ ಚಿತ್ರವಿರುವುದು ಅದೇ ಊರಿನ ಬ್ರಿಟಿಷ್ ಲೈಬ್ರರಿಯಲ್ಲಿ. ಎರಡರ ನಡುವೆ ನಡೆದು ಹೋಗುವಷ್ಟೇ ದಾರಿ. ಆ ಕಲ್ಲನ್ನು ಧರ್ಮಯ್ಯ ಸಲೀಸಾಗಿ ಓದುತ್ತಿದ್ದರು.