ಧಾತು ಈಶ್ವರದ ಕ್ಷಾಮವೂ ಜನರ ಮನಸ್ಸೂ

ಹದಿನೈದು ದಿನ ನೀರನ್ನು ಮಾತ್ರ ಕುಡಿದು ಉಪವಾಸವಿದ್ದ ಶ್ವೇತಕೇತುವಿಗೆ ತಾನು ಕಲಿತ ವೇದವು ತೋರದೆ ಹೋಯಿತೆಂದೂ, ಉಂಡಮೇಲೆ ಅದು ಮರಳಿ ಸ್ಫುರಿಸಿತೆಂದೂ ಛಾಂದೋಗ್ಯೋಪನಿಷತ್ತು ಹೇಳುತ್ತದೆ. ಮನಸ್ಸು ಅನ್ನವನ್ನು ಆಶ್ರಯಿಸಿದುದೆಂಬುದು ಅಲ್ಲಿನ ತಾತ್ಪರ್ಯ. ಒಂದು ದೇಶಕ್ಕೆ ದೇಶವೇ ಉಪವಾಸ ಬಿದ್ದಾಗ ಜನರ ಮನಸ್ಸು ಏನಾಯಿತೆಂಬುದನ್ನು ಮಾತ್ರ ಚರಿತ್ರಕಾರರು ವಿಚಾರಿಸಿದುದು ಅಪೂರ್ವ.

ಕ್ರಿ. ಶ. ೧೮೭೬ರಲ್ಲಿ, ಧಾತು ಸಂವತ್ಸರದಲ್ಲಿ, ದಕ್ಷಿಣ ದೇಶದ ಮಳೆಯು ಕೈಕೊಟ್ಟಿತು. ಈಶ್ವರ ಸಂವತ್ಸರದಲ್ಲಿ ಕ್ಷಾಮವು ಘೋರರೂಪವನ್ನು ತಾಳಿತು. ಪೆಸಿಫಿಕ್ ಮಹಾಸಾಗರದ ನೀರು ಅಸಾಧಾರಣವಾಗಿ ಕಾದುದೇ ಅನಾವೃಷ್ಟಿಗೆ ಮುಖ್ಯ ಕಾರಣವೆಂದು ವಿಜ್ಞಾನಿಗಳು ಬಹುಕಾಲದ ಅನಂತರ ಕಂಡುಕೊಂಡರು. ೧೮೭೧ರ ಖಾನೇಷುಮಾರಿಯಲ್ಲಿ ೫೦ ಲಕ್ಷಕ್ಕೆ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು.

ಹಗೇವಿನಲ್ಲಿ ರಾಗಿಯಿದ್ದ ಒಕ್ಕಲಿಗನು ಕೆಲವು ಕಾಲ ತಡೆದುಕೊಂಡನು. ಕೂಲಿಯಾಳಿಗೂ ನೇಕಾರನಿಗೂ ಆ ಆಸರೆಯಿರಲಿಲ್ಲ. ಧಾನ್ಯದ ಬೆಲೆಯೇರಿದೊಡನೆ ಕೂಲಿ ಕೊಡುವವರೂ ಬಟ್ಟೆ ಕೊಳ್ಳುವವರೂ ಇಲ್ಲವಾದರು. ಅಂತಹವರು ಮನೆಮಠಗಳನ್ನು ತೊರೆದು ದಾರಿ ಹಿಡಿದರು. ಗಂಜಿಯ ಕೇಂದ್ರಕ್ಕೆ ಬಂದಮೇಲೂ, ಅನ್ಯರು ಬೇಯಿಸಿದುದನ್ನು ಉಂಡರೆ ಕುಲಾಚಾರ ಕೆಡುವುದೆಂದು ಹಿಂಜರಿದವರುಂಟು. ಹಸಿವು ಒಂದು ಕಡೆ, ಮಾನ ಒಂದು ಕಡೆ ಎಳೆದ ಆ ಸಂಕಟವು ಯಾವ ಖಾನೇಷುಮಾರಿಗೂ ಸಿಕ್ಕುವುದಲ್ಲ.

ಮದರಾಸು ಆಧಿಪತ್ಯದಲ್ಲಿ ಅಧಿಕಾರಿಗಳ ವಾದವು ಧಾನ್ಯದ ತೂಕವನ್ನು ಕುರಿತದ್ದಾಗಿತ್ತು. ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅದರ ಮೇಲೆ ಅಲ್ಪಸ್ವಲ್ಪ ಕಾಸು ಸಾಕೆಂದು ಸರ್ ರಿಚರ್ಡ್ ಟೆಂಪಲ್ ೧೮೭೭ರಲ್ಲಿ ಗೊತ್ತುಮಾಡಿದರು. ಸಾಲದೆಂದು ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದರು. ೧೮೮೦ರ ಕ್ಷಾಮ ಕಮಿಷನ್ನಿನ ವರದಿಯನ್ನು ಅನುಸರಿಸಿ ಹುಟ್ಟಿದ ನಿಬಂಧನೆಗಳು ಒಂದು ಹೆಜ್ಜೆ ಮುಂದೆ ಹೋದುವು. ಜನರ ಗುರಿಯಿಲ್ಲದ ಅಲೆದಾಟವು ಬರಲಿರುವ ವಿಪತ್ತಿನ ಸೂಚನೆಯೆಂದೂ, ಅಶಕ್ತರಿಗೆ ಅವರವರ ಊರಿನಲ್ಲಿಯೇ ನೆರವು ದೊರೆಯಬೇಕೆಂದೂ ಅವು ಒಪ್ಪಿದುವು. ಅಲೆದಾಟವು ಹೊಟ್ಟೆಯ ಹಸಿವಿಗೆ ಹೇಗೋ ಹಾಗೆಯೇ ಎದೆಗುಂದಿದುದಕ್ಕೂ ಗುರುತಲ್ಲವೇ?

ಅಂದಿನ ಬರವು ಪ್ರಕೃತಿಯ ಏರುಪೇರಿನದು. ಇಂದು ಭೂಮಂಡಲದ ತಾಪವನ್ನು ಹೆಚ್ಚಿಸುತ್ತಿರುವುದು ಮನುಷ್ಯನ ಕೃತ್ಯ. ಈ ವ್ಯತ್ಯಾಸದಿಂದ ವಾಯುಗುಣವು ಜನರ ಮನಸ್ಸಿನ ಆರೋಗ್ಯವನ್ನೂ ಕೆಡಿಸುತ್ತಿದೆಯೆಂದು ವಿಶ್ವಸಂಸ್ಥೆಯ ವಿಜ್ಞಾನಿಗಳ ಮಂಡಲಿಯು ೨೦೨೨ರಲ್ಲಿ ಸಾರಿತು. ಶ್ವೇತಕೇತುವಿಗೆ ಉಂಡೊಡನೆ ವೇದವು ಮರಳಿದುದು ನಿಜ. ಆದರೆ ಅವನಿಗೆ ಮನೆಯಿತ್ತು, ಬಳಿಯಲ್ಲಿ ತಂದೆಯಿದ್ದನು. ಊರು, ಕಸುಬು, ಬಂಧುಗಳನ್ನು ಕಳೆದುಕೊಂಡವನಿಗೆ ಅನ್ನವೊಂದೇ ಸಾಲದು. ಧಾತು ಈಶ್ವರದ ಬರವು ಕಲಿಸುವ ಪಾಠವಿದು.