ಮೇಲೂರಿನಿಂದ ಇಸ್ತಾಂಬುಲಿಗೆ

ಶಿಡ್ಲಘಟ್ಟದಿಂದ ಮೇಲೂರು, ವಿಜಯಪುರಗಳ ಮೇಲೆ ಹಾದು ದೇವನಹಳ್ಳಿಗೆ ಹೋಗುವ ರಸ್ತೆ ಹಿಪ್ಪುನೇರಳೆ ತೋಟಗಳ, ದ್ರಾಕ್ಷಿ ಚಪ್ಪರಗಳ ನಡುವಿನದು. ದೇವನಹಳ್ಳಿ ಟಿಪ್ಪು ಸುಲ್ತಾನರು ಹುಟ್ಟಿದ ಊರು. 2008ರಿಂದ ಅದು ವಿಮಾನ ನಿಲ್ದಾಣದ ಊರೂ ಹೌದು. ಆದರೂ ನಮ್ಮ ಕಡೆಯ ಮುಸ್ಲಿಮರಿಗೆ ವಿದೇಶ ಪ್ರಯಾಣವೆಂದರೆ ಬಹುಕಾಲ ಎರಡೇ: ಹಜ್ ಅಥವಾ ಉಮ್ರಾ, ಇಲ್ಲವೇ ಕೊಲ್ಲಿ ದೇಶದ ದುಡಿಮೆ. ಗಂಡ ಹೆಂಡತಿ ಜೊತೆಯಾಗಿ ಊರು ನೋಡಲು, ಉಂಡು ತಿಂದು ಬರಲು ಹೊರಟರೆ ‘ದುಡ್ಡು ಹೆಚ್ಚಾಗಿದೆಯೇ?’ ಎಂದು ಕೇಳುತ್ತಾರೆ. ನಾವು ದಂಪತಿ ಇಸ್ತಾಂಬುಲಿಗೆ ಹೊರಟಾಗಲೂ ಈ ಪ್ರಶ್ನೆ ಎದುರಾಯಿತು. ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಚರಿತ್ರೆಯಲ್ಲಿಯೇ ಉತ್ತರ ಹುಡುಕಬೇಕು.

ಕನ್ನಡ ನಾಡಿನಿಂದ ಇಸ್ತಾಂಬುಲಿಗೆ ಹೋದವರಲ್ಲಿ ನಾವು ಮೊದಲಿಗರೇನಲ್ಲ. 1786ರಲ್ಲಿ ಟಿಪ್ಪು ಸುಲ್ತಾನರ ರಾಯಭಾರಿ ತಂಡ ಗುಲಾಮ್ ಅಲಿ ಖಾನರ ಮುಂದಾಳ್ತನದಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ಹಡಗು ಹತ್ತಿತು. ತಂಡದಲ್ಲಿ ಸುಮಾರು 900 ಮಂದಿ. ಮಸ್ಕತ್, ಬಸ್ರಾಗಳ ದಾರಿಯಾಗಿ ಅವರು ಇಸ್ತಾಂಬುಲ್ ಮುಟ್ಟಿದ್ದು 1787ರಲ್ಲಿ. ಉಸ್ಮಾನಿ ಸುಲ್ತಾನ ಒಂದನೆಯ ಅಬ್ದುಲ್ ಹಮೀದರಿಂದ ಬೇಕಾಗಿದ್ದುದು ಮನ್ನಣೆ, ವ್ಯಾಪಾರದ ಅನುಕೂಲ ಮತ್ತು ಇಂಗ್ಲಿಷರ ವಿರುದ್ಧ ನೆರವು. ಅದೇ ವರ್ಷ ರಷ್ಯಾದೊಡನೆ ಯುದ್ಧಕ್ಕಿಳಿದಿದ್ದ ಉಸ್ಮಾನಿಗಳು ಮರ್ಯಾದೆಯೇನೋ ಮಾಡಿದರು, ಸೈನ್ಯ ಕೊಡಲಿಲ್ಲ. ಹಡಗಿನ ಅನಾಹುತ, ಕಾಯಿಲೆ, ಇಸ್ತಾಂಬುಲಿನ ಪ್ಲೇಗು ನೂರಾರು ಜನರನ್ನು ಬಲಿ ತೆಗೆದುಕೊಂಡವು. ನಾಡಿಗೆ ಮರಳಿದವರು ಕೆಲವರು ಮಾತ್ರ. ತಂಡದ ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರರು ಫಾರಸಿಯಲ್ಲಿ ಬರೆದಿಟ್ಟ ದಿನಚರಿಯಿಂದ ಆ ಪ್ರಯಾಣದ ಕಷ್ಟ ಇಂದಿಗೂ ತಿಳಿಯುತ್ತದೆ.

ಅದೇ ಕಾಲದಲ್ಲಿ ಸುಲ್ತಾನರು ಬಂಗಾಳದಿಂದಲೂ ಮಸ್ಕತ್ತಿನಿಂದಲೂ ರೇಷ್ಮೆ ಹುಳು ತರಿಸಲು ಏರ್ಪಾಡು ಮಾಡಿದ್ದು ಅವರ ಪತ್ರಗಳಲ್ಲಿದೆ. ರಾಯಭಾರ ಫಲಿಸಲಿಲ್ಲ, ರೇಷ್ಮೆ ಬೇರೂರಿತು. ಮೇಲೂರಿನ ರೈತ ಗೂಡು ಬೆಳೆಯುತ್ತಾನೆ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜಾಗುತ್ತದೆ, ಮುಸ್ಲಿಂ ಮೊಹಲ್ಲಾಗಳಲ್ಲಿ ನೂಲು ಬಿಚ್ಚಲಾಗುತ್ತದೆ. ನಮ್ಮಿಬ್ಬರ ಪ್ರಯಾಣದ ದುಡ್ಡೂ ಈ ನೂಲಿನಿಂದಲೇ ಬಂದದ್ದು.

ಇಸ್ತಾಂಬುಲಿನಲ್ಲಿ ನಾವು ಕಂಡ ಮೊದಲ ಬೆರಗು ಅಕ್ಷರದ್ದು. ತೋಪ್‌ಕಾಪಿ ಅರಮನೆಯ ಹೊರಬಾಗಿಲ ಮುಂದೆ ಮೂರನೆಯ ಅಹಮದರು 1728ರಲ್ಲಿ ಕಟ್ಟಿಸಿದ ನೀರಿನ ಕಟ್ಟೆಯಿದೆ. ಉರ್ದು ಓದಿದ ನಾವು ಅದರ ಮೇಲಿನ ಬರಹವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆವು, ಅರ್ಥವಾಗಲಿಲ್ಲ. ಪಕ್ಕದಲ್ಲಿ ನಿಂತ ಊರ ಹುಡುಗರದು ಆ ಭಾಷೆಯೇ, ಓದಲು ಬಾರದು. ಸರಿಯಾಗಿ 200 ವರ್ಷಗಳ ನಂತರ, 1928ರಲ್ಲಿ, ತುರ್ಕಿ ತನ್ನ ಲಿಪಿಯನ್ನು ಬದಲಿಸಿತು. ಆದರೆ ಹೋಟೆಲಿನಲ್ಲಿ ಕೂತರೆ ಈ ಗೋಡೆ ಬಿದ್ದುಹೋಗುತ್ತದೆ. ಚೋರ್ಬಾ ನಮ್ಮ ಶೋರ್ಬಾ, ಕಿಯ್ಮಾ ನಮ್ಮ ಖೀಮಾ, ಹೆಲ್ವಾ ನಮ್ಮ ಹಲ್ವ. ಆಯ್ರಾನ್ ಎಂದು ತಂದಿಟ್ಟದ್ದು ಉಪ್ಪು ಹಾಕಿದ ಮಜ್ಜಿಗೆ! ಎಳ್ಳು ಮೆತ್ತಿದ ಸಿಮಿತ್ ಬಳೆಯನ್ನು ಕೈಯಲ್ಲಿ ಹಿಡಿದು, ಗಲಾತಾ ಸೇತುವೆಯ ಬಳಿ ಮೀನು ತುಂಬಿದ ರೊಟ್ಟಿ ತಿಂದು, ಮುದ್ದೆ ಬಸ್ಸಾರಿನ ನಮ್ಮ ನಾಲಿಗೆ ಪರಕೀಯವೆನಿಸದೆ ತಿರುಗಾಡಿತು.

ಕಾಫಿಯ ಕಥೆಯೂ ಹಾಗೆಯೇ. ಯಮನಿನ ಕಾಫಿ ಬೀಜ ಬಾಬಾ ಬುಡನ್‌ರ ಕೈಯಲ್ಲಿ ಚಿಕ್ಕಮಗಳೂರಿನ ಗಿರಿಗೆ ಬಂತೆಂದು ನಮ್ಮ ಐತಿಹ್ಯ. ಇಸ್ತಾಂಬುಲಿನಲ್ಲಿ ಕಾಫಿ ಅಂಗಡಿಗಳು ತೆರೆದದ್ದು 16ನೆಯ ಶತಮಾನದ ನಡುವಿನಲ್ಲಿ. 1633ರಲ್ಲಿ ನಾಲ್ಕನೆಯ ಮುರಾದ್ ಅವನ್ನು ಮುಚ್ಚಿಸಿದ. ಜನ ಒಂದೆಡೆ ಕೂತು ಮಾತಾಡುವ ಸುಖಕ್ಕೂ ಅರಸರು ಅಂಜುತ್ತಿದ್ದರು. ಆ ಸುಖವೂ ಆಗ ಗಂಡಸರಿಗೆ ಮೀಸಲು. ಇಂದು ಅದೇ ಬೀದಿಗಳಲ್ಲಿ ಹೆಂಗಸರು ಯಾರ ಅಪ್ಪಣೆಯನ್ನೂ ಕಾಯದೆ ಕೂತು ಕಾಫಿ ಕುಡಿಯುತ್ತಾರೆ. ನಮ್ಮ ಮನೆಯಾಕೆಯೂ ಕುಡಿದಳು.

ಕೊನೆಯ ದಿನ ಮರ್ಮರಾ ಸಮುದ್ರ ದಾಟಿ ಬುರ್ಸಾಕ್ಕೆ ಹೋದೆವು. ಉಸ್ಮಾನಿಗಳ ಹಳೆಯ ರಾಜಧಾನಿಯದು. ಎರಡನೆಯ ಬಾಯೆಜೀದರು 1491ರಲ್ಲಿ ಕಟ್ಟಿಸಿದ ‘ಕೋಜಾ ಹಾನ್’ ಅಲ್ಲಿದೆ. ಕೋಜಾ ಎಂದರೆ ಗೂಡು. ಶತಮಾನಗಳ ಕಾಲ ಅದು ರೇಷ್ಮೆ ವ್ಯಾಪಾರದ ಕೇಂದ್ರ. ಈಗ ಅಂಗಳದಲ್ಲಿ ಚಹಾದ ಮೇಜುಗಳು, ಸುತ್ತ ರೇಷ್ಮೆ ಬಟ್ಟೆಯ ಅಂಗಡಿಗಳು. ಒಂದು ಅಂಗಡಿಯಲ್ಲಿ ಅಲಂಕಾರಕ್ಕೆ ಗೂಡುಗಳನ್ನಿಟ್ಟಿದ್ದರು. ಮನೆಯಾಕೆಯ ತವರು ನೂಲು ಬಿಚ್ಚುವ ಮನೆ. ಒಂದು ಗೂಡನ್ನೆತ್ತಿ ಕಿವಿಯ ಹತ್ತಿರ ಅಲುಗಾಡಿಸಿ, ಒಳಗಿನ ಸದ್ದು ಕೇಳಿ, ಚೆನ್ನಾಗಿದೆ ಎಂದು ತಲೆಯಾಡಿಸಿದಳು. ಅಂಗಡಿಯ ಮುದುಕ ನಕ್ಕು ಚಹಾ ತರಿಸಿದ.

ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಬೆರಳು ಬಿಳಿಚಿಕೊಳ್ಳುವವರೆಗೆ ಎಳೆ ಹುಡುಕುವ ಹೆಂಗಸರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟೋ ಮಂದಿ. ಅವರ ನೂಲು ಕಂಚಿಗೂ ಕಾಶಿಗೂ ಹೋಗುತ್ತದೆ. ಅವರು ನಂದಿಬೆಟ್ಟವನ್ನೂ ಕಂಡಿರುವುದಿಲ್ಲ. ಮದುವೆಗೆ ಲಕ್ಷಗಟ್ಟಲೆ ಸಾಲ ಮಾಡುವುದು ದುಂದು ಅನ್ನಿಸದ ನಮಗೆ, ದುಡಿದ ಹೆಂಗಸು ನಾಲ್ಕು ದಿನ ಊರು ನೋಡಿ ಬರುವುದು ಮಾತ್ರ ದುಂದು ಅನ್ನಿಸುವುದೇಕೆ? ಎಲ್ಲರಿಗೂ ಇಸ್ತಾಂಬುಲ್ ಸಾಧ್ಯವಾಗದು. ನಂದಿಬೆಟ್ಟ ಸಾಧ್ಯ. ಅಲ್ಲಿಂದಲೇ ಶುರುವಾಗಲಿ.